ಹೊಳೆದಂಡೆಗೆ ಹಸಿರು ಬಯಲು
(ಪಾಂಡವಪುರದಲ್ಲಿ ರೈತರಿಗಾಗಿ ಮಾಡಿದ ಭಾಷಣ)



ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿತೆಂದರೆ ನಾಲಾ ಬಯಲಿಗೆ ಸಂತೋಷ, ಹೊಳೆದಂಡೆಗೆ ಆತಂಕ. 2019ರ ಆಗಸ್ಟ್‌ನಲ್ಲಿ ಕಟ್ಟೆಯಿಂದ ಒಂದು ಲಕ್ಷ ಕ್ಯೂಸೆಕ್ಸ್‌ಗೂ ಹೆಚ್ಚು ನೀರು ಬಿಡಬೇಕಾಯಿತು. ಲಕ್ಷ ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರು. ಇಷ್ಟು ನೀರು ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವಾಗ, ಪಾಂಡವಪುರದ ಕಡೆಯಿಂದ ಬಂದು ಕರಿಘಟ್ಟದ ಬಳಿ ಕಾವೇರಿಯನ್ನು ಸೇರುವ ಲೋಕಪಾವನಿಯ ನೀರೂ ಸರಾಗವಾಗಿ ಇಳಿಯದು.

ನೀರು ಬಿಡುವುದು ರೈತನ ಕೈಯಲ್ಲಿಲ್ಲ; ಅದು ಹರಡಲು ಜಾಗ ಬಿಡುವುದು ಇದೆ. ಕರಾವಳಿಯಲ್ಲಿ ಕಾಂಡ್ಲಾ ಕಾಡು ಅಲೆಯ ರಭಸ ಮುರಿಯುವಂತೆ, ಇಲ್ಲಿ ದಂಡೆಯ ಹುಲ್ಲು, ಮರಗಳು ನೀರಿನ ವೇಗ ತಗ್ಗಿಸುತ್ತವೆ; ಮೆಕ್ಕಲು ಮಣ್ಣು ಅಲ್ಲೇ ತಂಗುತ್ತದೆ. ನೀರಂಚಿನವರೆಗೂ ಉತ್ತ ದಂಡೆಗೆ ಈ ಶಕ್ತಿಯಿಲ್ಲ. ಒಂದೆರಡು ಸಾಲು ಕಬ್ಬಿನ ಆಸೆಗೆ ದಂಡೆಯೇ ಕುಸಿದರೆ ಆ ಭೂಮಿ ಮರಳಿ ಬಾರದು.

ನೀರಂಚಿನ ಇಳಿಜಾರಿಗೆ ಲಾವಂಚ ಯೋಗ್ಯ. ಗುಂಡ್ಲುಪೇಟೆಯ ಕಡೆ ರೈತರು ಬಹುಕಾಲದಿಂದ ಹೊಲದ ಎಲ್ಲೆಗೆ ಬೆಳೆಸಿಕೊಂಡು ಬಂದಿರುವ ಹುಲ್ಲಿದು. ಇದರ ಬೇರು ಪಕ್ಕಕ್ಕೆ ಹರಡದೆ ಎರಡು ಮೂರು ಮೀಟರ್ ಆಳಕ್ಕೆ ನೇರವಾಗಿ ಇಳಿಯುತ್ತದೆ. ಇಳಿಜಾರಿಗೆ ಅಡ್ಡಲಾಗಿ, ಬುಡದಿಂದ ಬುಡಕ್ಕೆ 10ರಿಂದ 15 ಸೆಂ.ಮೀ. ಅಂತರದಲ್ಲಿ ನೆಡಬೇಕು. ಸಾಮಾನ್ಯವಾಗಿ ಮುಂಗಾರಿನಲ್ಲಿ ನೆಡಿ ಎನ್ನುವುದುಂಟು. ಹೊಳೆದಂಡೆಗೆ ಆ ಮಾತು ಸಲ್ಲದು. ಬೇರೂರುವ ಮೊದಲೇ ಜುಲೈ-ಆಗಸ್ಟ್‌ನ ಪ್ರವಾಹ ಕಿತ್ತೊಯ್ಯುತ್ತದೆ. ಹೊಳೆ ಇಳಿದ ಮೇಲೆ ಸೆಪ್ಟೆಂಬರ್-ಅಕ್ಟೋಬರ್ ಮಳೆಯಲ್ಲಿ ನೆಟ್ಟು, ಮೊದಲ ಬೇಸಿಗೆಯಲ್ಲಿ ನೀರು ಕೊಡುವುದು ಲೇಸು. ಎಳೆಯ ಲಾವಂಚ ನೆರಳಿನಲ್ಲಿ ಏಳುವುದಿಲ್ಲ. ಬೇರಿಗೆ ಪರಿಮಳವಿದೆ, ಬೆಲೆಯೂ ಇದೆ. ಆದರೆ ಬೇರಿಗಾಗಿ ದಂಡೆಯನ್ನು ಅಗೆಯುವುದಾದರೆ ನೆಡದಿರುವುದೇ ಮೇಲು.

ಅದರ ಮೇಲುಭಾಗದಲ್ಲಿ ಹೊಳೆಮತ್ತಿ, ಹೊಂಗೆ, ನೇರಳೆ, ಬಿದಿರು ಇರಲಿ. ಹೊಂಗೆಯ ಸೊಪ್ಪು ಗದ್ದೆಗೂ ಆಯಿತು. ಹೊಳೆಯ ಪಾತ್ರದೊಳಕ್ಕೆ ಮಾತ್ರ ಮರ ನೆಡಬಾರದು. ತಡೆದ ನೀರು ಎದುರು ದಂಡೆಯನ್ನು ಕೊರೆಯುತ್ತದೆ. ಮರಗಳ ಹಿಂದೆ ಗರಿಕೆಯ ಬಯಲು. ಅಲ್ಲಿ ದನ ಮೇಯಲಿ, ಜಾತ್ರೆ ನಡೆಯಲಿ. ಮನೆ, ಬಣವೆ, ತಿಪ್ಪೆ ಬೇಡ. ಒಬ್ಬರು ನೆಟ್ಟು ಪಕ್ಕದವರು ಅಂಚಿನವರೆಗೂ ಉತ್ತರೆ ನೀರು ಆ ಸಂದಿನಲ್ಲೇ ನುಗ್ಗುವುದರಿಂದ, ಇದು ಊರೇ ಕೂಡಿ ಮಾಡಬೇಕಾದ ಕೆಲಸ.

1924ರಂಥ ಮಹಾಪ್ರವಾಹವನ್ನು ಯಾವ ಹಸಿರೂ ತಡೆಯಲಾರದು. ಮರಗಳಿರುವ ರಂಗನತಿಟ್ಟಿನ ನಡುಗಡ್ಡೆಗಳೂ ಕೊಚ್ಚಿಹೋಗಿ ಮರಳುಮೂಟೆ ಜೋಡಿಸಬೇಕಾಗಿದೆ. ಎಚ್ಚರಿಕೆ ಬಂದಾಗ ಜನ, ಜಾನುವಾರು ಮೇಲಕ್ಕೆ ಹೋಗಲೇಬೇಕು. ನೀರು ಇಳಿದ ಕೂಡಲೆ ಮರಗಳಿಗೆ ಸಿಕ್ಕಿದ ಕಸಕಡ್ಡಿಯ ಎತ್ತರ ನೋಡಿ ಗುರುತುಕಲ್ಲು ನೆಡಬೇಕು. ಹೊಸ ಮನೆಯ ತಳಪಾಯ ಆ ಮಟ್ಟಕ್ಕಿಂತ ಮೇಲಿರಲಿ.