ಬದುಕಿರುವ ಕುರಿಗೂ ಬೆಲೆ ಬೇಕು



ದಖ್ಖನಿ ಕುರಿ ಒಣ ಪ್ರಸ್ಥಭೂಮಿಗೆ ಒಗ್ಗಿದ ತಳಿ. ಕರ್ನಾಟಕದ ಕುರುಬರು, ಮಹಾರಾಷ್ಟ್ರದ ಧನಗರರು, ತೆಲಂಗಾಣದ ಕುರುಮರು ತಲೆಮಾರುಗಳಿಂದ ಇದನ್ನು ಸಾಕಿದ್ದಾರೆ. ಸುಗ್ಗಿ ಮುಗಿದ ಹೊಲದಲ್ಲಿ ಮಂದೆ ತಂಗಿದರೆ ಹಿಕ್ಕೆ ಗೊಬ್ಬರವಾಗುತ್ತದೆ. ರೈತನು ಪ್ರತಿಯಾಗಿ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಕತ್ತರಿಸಿದ ಉಣ್ಣೆ ಕಂಬಳಿಯಾಗುತ್ತದೆ. ಗಂಡುಮರಿಗಳು ಹಿಂದೆಯೂ ಸಂತೆಗೆ ಹೋಗುತ್ತಿದ್ದವು, ನಿಜ. ಆದರೆ ಈ ಎರಡು ಆದಾಯಗಳು ಬದುಕಿರುವ ಕುರಿಯಿಂದಲೇ ಬರುವಂಥವು.

ಇಂದು ಒರಟು ಉಣ್ಣೆಗೆ ಗಿರಾಕಿಗಳು ವಿರಳ. ಗಿರಣಿಯ ಅಗ್ಗದ ಹೊದಿಕೆ ಕಂಬಳಿಯ ಸ್ಥಾನವನ್ನು ಆಕ್ರಮಿಸಿದೆ. ಆದಕಾರಣ ಉಣ್ಣೆಯಿಲ್ಲದ ಮಾಂಸದ ತಳಿಗಳು ಮಂದೆಗಳನ್ನು ಸೇರುತ್ತಿವೆ. ಸರ್ಕಾರಗಳ ಒಲವೂ ಅತ್ತಲೇ. 2017ರಲ್ಲಿ ತೆಲಂಗಾಣ ಸರ್ಕಾರವು ಶೇ. 75ರ ಸಹಾಯಧನದಲ್ಲಿ ತಲಾ 20 ಕುರಿ, 1 ಟಗರನ್ನು ಹಂಚತೊಡಗಿತು. 2019ರ ಜಾನುವಾರು ಗಣತಿಯಲ್ಲಿ ಕುರಿಗಳ ಸಂಖ್ಯೆಯಲ್ಲಿ ಆ ರಾಜ್ಯವೇ ದೇಶಕ್ಕೆ ಮೊದಲು. ಕುರಿ ಹೆಚ್ಚಿದಷ್ಟು ಮೇಯುವ ಬಯಲು ಹೆಚ್ಚಲಾರದು.

ಮಾಂಸವನ್ನು ತ್ಯಜಿಸಿದ ಮಾತ್ರಕ್ಕೆ ಅಹಿಂಸೆಯ ಹೊಣೆ ತೀರದು. ಗೋಮಾಳಗಳು ಉಳಿಯಬೇಕು, ಕೈಮಗ್ಗದ ಕಂಬಳಿಗೆ ನ್ಯಾಯವಾದ ದರ ಸಿಗಬೇಕು. ಪುಣೆ, ಮುಂಬಯಿ, ಹೈದರಾಬಾದುಗಳಲ್ಲಿ ನೆಲೆಸಿರುವ ಕುಟುಂಬಗಳು ನೇಕಾರರಿಂದ ನೇರವಾಗಿ ಒಂದು ಕಂಬಳಿ ಕೊಂಡು ಈ ಕಾರ್ಯವನ್ನು ಆರಂಭಿಸಬಹುದು.