ಮಷಿನ್‌ಗೆ ಗಾರ್ಡ್ ಇರುತ್ತೆ, ಶಿಬಿರಕ್ಕೆ?



ಪರೀಕ್ಷೆ ಮುಗಿದು ರಜೆ ಬಂತು ಅಂದ್ರೆ ಸಾಕು, ತುಮಕೂರಿನ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಬೇಸಿಗೆ ಶಿಬಿರದ ಪೋಸ್ಟರ್‌ಗಳು ಶುರುವಾಗ್ತವೆ. ನಾಟಕ, ಯೋಗ, ಈಜು, ದೇವರಾಯನದುರ್ಗಕ್ಕೆ ಚಾರಣ. ಕಾಲೇಜುಗಳ ಎನ್‌ಎಸ್‌ಎಸ್ ಶಿಬಿರ ಅಂದ್ರೆ ಗುಬ್ಬಿ, ಕುಣಿಗಲ್ ಕಡೆಯ ಯಾವುದಾದರೂ ಹಳ್ಳಿಯಲ್ಲಿ ಏಳು ದಿನ ವಾಸ.

ಅಪ್ಪ ಅಮ್ಮ ಏನು ಕೇಳ್ತಾರೆ? ಫೀಸ್ ಎಷ್ಟು, ಊಟ ಹೇಗೆ, ಸರ್ಟಿಫಿಕೇಟ್ ಕೊಡ್ತೀರಾ. ರಾತ್ರಿ ಮಕ್ಕಳು ಮಲಗುವ ಕಡೆ ಯಾರಿರ್ತಾರೆ, ಮಗುವಿಗೆ ಏನಾದರೂ ಆದರೆ ಮೊದಲ ಫೋನ್ ಯಾರು ಮಾಡ್ತಾರೆ ಅಂತ ಕೇಳುವವರು ಎಷ್ಟು ಜನ? ಕೇಳಿದರೆ ಆಯೋಜಕರಿಗೆ ಬೇಜಾರು. 'ನಮ್ಮ ಮೇಲೇ ಅನುಮಾನಾನಾ ಸರ್? ನಾವು ಸೇವೆಗೆ ಬಂದವರು.'

ಇದು ಅನುಮಾನದ ಪ್ರಶ್ನೆಯೇ ಅಲ್ಲ. ನಾನು ಓದಿದ್ದು ಇಂಜಿನಿಯರಿಂಗ್. ವರ್ಕ್‌ಶಾಪ್‌ನಲ್ಲಿ ತಿರುಗುವ ಚಕ್ರಕ್ಕೆ ಕಬ್ಬಿಣದ ಗಾರ್ಡ್ ಹಾಕಿರ್ತಾರೆ. ಆಪರೇಟರ್ ಕೆಟ್ಟವನು ಅಂತ ಹಾಕಿದ್ದಲ್ಲ. ಎಷ್ಟೇ ಒಳ್ಳೆಯ ಕೆಲಸಗಾರನಾದರೂ ಒಂದು ದಿನ ದಣಿದಿರ್ತಾನೆ, ಅವತ್ತು ಕೈ ಹೋಗಬಾರದು ಅಂತ ಹಾಕಿದ್ದು. ಶಿಬಿರದ ನಿಯಮ ಅಂದ್ರೆ ಆ ಗಾರ್ಡ್. ಒಳ್ಳೆಯವರಿಗೆ ಅದರಿಂದ ನಷ್ಟವಿಲ್ಲ. ಕೆಟ್ಟ ಉದ್ದೇಶದವನಿಗೆ ಮಾತ್ರ ಅಡ್ಡಿ.

ಹಾಗಾದ್ರೆ ಗಾರ್ಡ್ ಯಾವುದು? ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಇರಬಾರದು. ಮಾತಾಡಬೇಕಾದರೆ ನಾಲ್ಕು ಜನರಿಗೆ ಕಾಣುವ ಜಗಲಿಯಲ್ಲಿ ಕೂತು ಮಾತಾಡಿ. ಹುಡುಗಿಯರ ಜೊತೆ ಮಹಿಳಾ ಸ್ವಯಂಸೇವಕರು ಇರಲೇಬೇಕು. ಮಧ್ಯರಾತ್ರಿ ಮಗುವಿಗೆ ಖಾಸಗಿಯಾಗಿ ಮೆಸೇಜ್ ಕಳಿಸೋದು ಬೇಡ. ಇಷ್ಟೆಲ್ಲಾ ಮಾಡೋಕೆ ಒಂದು ರೂಪಾಯಿ ಖರ್ಚಿಲ್ಲ.

ಇನ್ನು ಕಷ್ಟದ ವಿಷಯಕ್ಕೆ ಬರೋಣ. ಒಂದು ಮಗು ನಿಮ್ಮ ಹತ್ತಿರ ಬಂದು, 'ಅಣ್ಣಾ, ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ, ಒಂದು ವಿಷಯ ಹೇಳ್ತೀನಿ' ಅನ್ನುತ್ತೆ. ಏನ್ ಮಾಡ್ತೀರಿ? ಪ್ರಾಮಿಸ್ ಮಾಡಬೇಡಿ. 'ನಿನ್ನನ್ನು ಕಾಪಾಡೋಕೆ ಬೇಕಾದವರಿಗೆ ಮಾತ್ರ ಹೇಳ್ತೀನಿ ಪುಟ್ಟಾ' ಅನ್ನಿ. ಪೂರ್ತಿ ಕೇಳಿ. 'ನೀನ್ಯಾಕೆ ಅಲ್ಲಿಗೆ ಹೋದೆ' ಅನ್ನಬೇಡಿ, ಅಡ್ಡಪ್ರಶ್ನೆ ಬೇಡ. ಮಗು ಹೇಳಿದ್ದನ್ನು ಮಗುವಿನ ಮಾತಲ್ಲೇ ಬರೆದಿಡಿ. ಆಮೇಲೆ ಪೊಲೀಸರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098, ತುರ್ತು ಕರೆಗೆ 112.

ಇದು ನನ್ನ ಸಲಹೆ ಅಲ್ಲ, ಕಾನೂನು. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ವಿಷಯ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 21ನೇ ಸೆಕ್ಷನ್ ಅಡಿ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ತನ್ನ ಕೈಕೆಳಗಿನವನು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥನೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ಅದೇ ಕಾಯ್ದೆಯ ರಕ್ಷಣೆಯೂ ಇದೆ. 'ಊರಿನ ಮರ್ಯಾದೆ', 'ಸಂಸ್ಥೆಯ ಹೆಸರು' ಅಂತ ಹಿರಿಯರನ್ನು ಕೂರಿಸಿ ರಾಜಿ ಪಂಚಾಯಿತಿ ಮಾಡ್ತೀವಲ್ಲ, ಅದಕ್ಕೆ ಇಲ್ಲಿ ಜಾಗವಿಲ್ಲ. ಇನ್ನೊಂದು ಮಾತು. ಪಿಯುಸಿ ಓದುವ ಹದಿನೇಳರ ಹುಡುಗ, ಹುಡುಗಿ ನಿಮಗೆ ಎಷ್ಟೇ ಎತ್ತರ ಕಂಡರೂ ಹದಿನೆಂಟು ತುಂಬುವವರೆಗೆ ಕಾನೂನಿನ ಕಣ್ಣಲ್ಲಿ ಮಗುವೇ.

ಮಗುವಿನ ಹೆಸರು, ಫೋಟೊ, ಶಾಲೆ, ಮನೆ ಯಾವುದನ್ನೂ ಗ್ರೂಪ್‌ಗೆ ಹಾಕಬೇಡಿ. 23ನೇ ಸೆಕ್ಷನ್ ಮಾಧ್ಯಮದವರಾದ ನಮ್ಮನ್ನೂ ಕಟ್ಟಿಹಾಕಿದೆ. ಮುಖ ಬ್ಲರ್ ಮಾಡಿ ಮನೆ ಗೇಟು ತೋರಿಸಿದರೆ ಬ್ಲರ್ ಮಾಡಿ ಏನು ಬಂತು?

ಈಗ ನೀರಿನ ವಿಷಯ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಮುಳುಗಿ ತೀರಿಕೊಂಡರು. ಪ್ರವಾಸಕ್ಕೆ ಕರೆದುಕೊಂಡು ಹೋದ ಶಿಕ್ಷಕರೂ ಜೊತೆಯಲ್ಲೇ ಇದ್ದರು. ಜೊತೆಯಲ್ಲಿ ಇರೋದು ಬೇರೆ, ಕಾಯೋದು ಬೇರೆ.

ಅಷ್ಟು ದೂರ ಯಾಕೆ, ನಮ್ಮ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಗೇ ಬನ್ನಿ. ಶಿಂಷಾ ನದಿಗೆ ಕಟ್ಟಿದ ಆ ಜಲಾಶಯದಲ್ಲಿ ಸ್ವಯಂಚಾಲಿತ ಸೈಫನ್ ಇದೆ. ನೀರು ಒಂದು ಮಟ್ಟ ದಾಟಿದರೆ ಯಾರೂ ಗೇಟ್ ಎತ್ತಬೇಕಿಲ್ಲ, ತಾನಾಗಿಯೇ ಹೊರಗೆ ನುಗ್ಗುತ್ತೆ. ಇಂಜಿನಿಯರ್ ಆಗಿ ನೋಡಿದರೆ ಕೈ ಮುಗಿಯಬೇಕು ಅಂಥ ಕೆಲಸ. ಆದರೆ ಕೆಳಗೆ ಮೊಣಕಾಲುದ್ದ ನೀರಲ್ಲಿ ನಿಂತವರಿಗೆ ಅದು ಹೇಳಿ ಬರಲ್ಲ. 2025ರ ಅಕ್ಟೋಬರ್‌ನಲ್ಲಿ ಪಿಕ್ನಿಕ್‌ಗೆ ಹೋಗಿದ್ದ ತುಮಕೂರಿನ ಕುಟುಂಬದವರು ಅಲ್ಲೇ ಕೊಚ್ಚಿಹೋದರು.

ಆದ್ದರಿಂದ ಸ್ವಯಂಸೇವಕರೇ, ಹೋಗುವ ಮುಂಚೆ ಊರಿನವರನ್ನು ಕೇಳಿ. ನೀರಿನ ಹತ್ತಿರ ಹೋದರೆ ಇಬ್ಬರಿಗೆ ಕಾಯುವುದೊಂದೇ ಕೆಲಸ ಕೊಡಿ, ಅವರ ಕೈಲಿ ಮೊಬೈಲ್ ಬೇಡ. ಬಸ್ ಹತ್ತುವಾಗ, ಇಳಿಯುವಾಗ, ಊಟಕ್ಕೆ, ಮಲಗುವ ಮುಂಚೆ ತಲೆ ಎಣಿಸಿ. ಮಗು ಮುಳುಗ್ತಿದ್ದರೆ ಈಜು ಬಾರದವರು ಹಾರಬೇಡಿ. ಹಗ್ಗ, ಕೋಲು, ಸೀರೆ, ಖಾಲಿ ಕ್ಯಾನ್ ಏನು ಸಿಕ್ಕರೂ ಎಸೆಯಿರಿ. ಹಾವು ಕಡಿದರೆ ಗಾಯ ಕುಯ್ಯೋದು, ಬಾಯಿಂದ ಹೀರೋದು, ಹಗ್ಗ ಬಿಗಿಯೋದು ಯಾವುದೂ ಬೇಡ. ಕೈಕಾಲು ಅಲ್ಲಾಡಿಸದ ಹಾಗೆ ಇಟ್ಟುಕೊಂಡು ಆಸ್ಪತ್ರೆಗೆ ಓಡಿ, 108ಕ್ಕೆ ಕರೆ ಮಾಡಿ. ಪ್ರತಿ ಮಗುವಿಗೆ ಒಂದು ಚೀಟಿ ಇರಲಿ. ಮನೆಯವರ ಎರಡು ನಂಬರ್, ಇರುವ ಕಾಯಿಲೆ, ಆಗದ ಔಷಧಿ. ಆ ಚೀಟಿಗಳ ಒಂದು ಪ್ರತಿ ಬ್ಯಾಗಲ್ಲಿ, ಇನ್ನೊಂದು ಮತ್ತೊಬ್ಬರ ಜೇಬಲ್ಲಿ. ಎಲ್ಲ ಒಬ್ಬರ ತಲೆಯಲ್ಲೇ ಇದ್ದರೆ, ಆ ಒಬ್ಬರೇ ಬಿದ್ದಾಗ ಶಿಬಿರವೇ ಬೀಳುತ್ತೆ.

ಅಪ್ಪ ಅಮ್ಮಂದಿರೇ, ಈ ಸಲ ಫೀಸ್ ಕೇಳುವ ಮುಂಚೆ ಈ ಪ್ರಶ್ನೆಗಳನ್ನು ಕೇಳಿ. ಆಯೋಜಕರೇ, ಅವರು ಕೇಳುವ ಮುಂಚೆ ನೀವೇ ಹೇಳಿ. ನಂಬಿಕೆ ಇಟ್ಟು ಮಗುವನ್ನು ಕೈಗೆ ಕೊಟ್ಟವರಿಗೆ ನೀವು ಮೊದಲು ಕೊಡಬೇಕಾದ ಸರ್ಟಿಫಿಕೇಟ್ ಅದೇ.