ಬಂಡೆಯ ಮೇಲಿನ ಗೂಳಿ, ಬಂಡೆಯೊಳಗಿನ ನಾದ

ಸುತ್ತೂರಿನ ಬಳಿ ಹರಿಯುವ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿ ಡಾ. ಎಂ. ಶೇಷಾದ್ರಿಯವರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಮಡಕೆಗಳೂ ಸಮಾಧಿಗಳೂ ದೊರೆತವು. ಆ ಯುಗದವರ ಮನಸ್ಸನ್ನು ಕಾಣಬೇಕಾದರೆ ಬಳ್ಳಾರಿ ಸಮೀಪದ ಕಪ್ಪಗಲ್ಲು ಗುಡ್ಡವನ್ನೇರಬೇಕು. ಫಾಸೆಟ್ ಎಂಬಾತ 1892ರಲ್ಲಿ ಲೋಕಕ್ಕೆ ತಿಳಿಸಿದ ಅಲ್ಲಿನ ಬಂಡೆಚಿತ್ರಗಳಲ್ಲಿ ಉದ್ದ ಕೊಂಬಿನ ಗೂಳಿಗಳೇ ಅಧಿಕ. ಅದು ಸಹಜವೇ: ಸಗಣಿಯನ್ನು ಸುಟ್ಟು ಬೂದಿದಿಬ್ಬಗಳನ್ನೇ ಬೆಳೆಸಿದ ಜನರಿಗೆ ದನವೇ ಸಂಪತ್ತು, ಪ್ರಾಯಶಃ ದೈವವೂ ಹೌದು. ಕೊಡಲಿಗೆ ಕಲ್ಲನ್ನು ಒದಗಿಸಿದ್ದೂ ಅದೇ ಗುಡ್ಡ. ಅಷ್ಟೇ ಅಲ್ಲ, ಕೆಲವು ಬಂಡೆಗಳ ಕುಳಿಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತಹ ನಾದ ಹೊಮ್ಮುತ್ತದೆ. ಗೂಳಿಯ ಛಾಯಾಚಿತ್ರವನ್ನು ವಸ್ತುಸಂಗ್ರಹಾಲಯದಲ್ಲಿ ತೂಗುಹಾಕಬಹುದು; ಆ ನಾದಕ್ಕೆ ಗುಡ್ಡವೇ ಬೇಕು. ಕಲ್ಲುಗಣಿಗಾರಿಕೆಯಿಂದ ಇವೆಲ್ಲಕ್ಕೂ ಅಪಾಯವಿದೆಯೆಂದು ಸಂಶೋಧಕಿ ನಿಕೋಲ್ ಬೋಯ್ವಿನ್ 2004ರಲ್ಲೇ ಎಚ್ಚರಿಸಿದ್ದರು.